ಹಿಡಿಕೆಗೆ ಹಚ್ಚಿದ ಕುಂಕುಮ

ನನ್ನಪ್ಪನ ಕೈ ಹಾಳು ಮಾಡಿದವರು ಯಾರೆಂದು ಗೊತ್ತಾಗುವ ಮೊದಲೇ, ಅವರಿಗೆ ಏನು ಮಾಡಬೇಕೆಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಪೊಲೀಸು, ಕೋರ್ಟು ಎಲ್ಲ ಆಮೇಲೆ. ಮೊದಲು ನನ್ನ ಕೈಗೆ ಸಿಗಬೇಕು, ಅಷ್ಟೇ. ಸುಮಾ ಬಾಯಿ ಜೋರು ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಅಪ್ಪನ ಕೈಯಿಂದ ರಕ್ತ ಸುರಿಯುವುದನ್ನು ನೋಡಿದ ಮಗಳು ನಾನು.

ರಾಯದುರ್ಗದಲ್ಲಿ ಆಗ ಬೀದಿಗೊಂದು ಜೀನ್ಸ್ ಹೊಲಿಯುವ ಯೂನಿಟ್ಟು ತಲೆಯೆತ್ತುತ್ತಿದ್ದ ಕಾಲ. ಮಡಕಶಿರ, ಅಮರಾಪುರದ ಕಡೆಯಿಂದಲೂ ಜನ ಕೆಲಸ ಹುಡುಕಿಕೊಂಡು ಬರುತ್ತಿದ್ದರು. ಮರುಳಪ್ಪನವರ ಯೂನಿಟ್ಟಿನಲ್ಲಿ ನನ್ನಪ್ಪ ದೊಡ್ಡಬಸಪ್ಪ ಕಟಿಂಗ್ ಮಾಸ್ಟರ್. ಬಟ್ಟೆ ಕತ್ತರಿಸುವ ಮಶೀನು ತರಿಸುತ್ತೇನೆಂದು ಮರುಳಪ್ಪ ಎಷ್ಟು ಸಲ ಹೇಳಿದರೂ ಅಪ್ಪ ಒಪ್ಪಿರಲಿಲ್ಲ. ಅವನಿಗೆ ತನ್ನ ದೊಡ್ಡ ಕತ್ತರಿಯೇ ಆಗಬೇಕು. ಅದನ್ನು ಬೇರೆಯವರು ಮುಟ್ಟಿದರೂ ಗದರುತ್ತಿದ್ದ.

ಆಯುಧಪೂಜೆ ಮುಗಿದು ಮತ್ತೆ ಕೆಲಸ ಶುರುವಾದ ಬೆಳಿಗ್ಗೆ. ಅಪ್ಪ ಪೂಜೆಯ ಹಲಗೆಯ ಮೇಲಿಂದ ಕತ್ತರಿ ಎತ್ತಿ ಕಣ್ಣಿಗೊತ್ತಿಕೊಂಡ. ಮೇಜಿನ ಮೇಲೆ ಡೆನಿಮ್ ಪದರು ಪದರಾಗಿ ಹಾಸಿತ್ತು. ಮೈಭಾರ ಬಿಟ್ಟು ಕತ್ತರಿ ಒತ್ತಿದ. ಹೆಬ್ಬೆರಳು ತೂರಿಸುವ ಹಿಡಿಕೆಯ ಬಳೆ ಟಣ್ ಎಂದು ಕಳಚಿ ಬಿತ್ತು. ಒತ್ತಿದ ಭಾರಕ್ಕೆ ಕೈ ಜಾರಿ ನೇರವಾಗಿ ಅಲಗಿನ ಮೇಲೆ ಹೋಯಿತು. ಬಳ್ಳಾರಿಯ ಡಾಕ್ಟರು ಹೊಲಿಗೆ ಹಾಕಿ, ಹೆಬ್ಬೆರಳು ಉಳಿದಿದೆ, ಆದರೆ ಒಳಗಿನ ನರ ತುಂಡಾಗಿದೆ, ಇನ್ನು ಮಡಚುವುದು ಅನುಮಾನ ಎಂದರು. ಹೆಬ್ಬೆರಳು ಮಡಚದ ಕಟಿಂಗ್ ಮಾಸ್ಟರ್ ಅಂದರೆ ಏನರ್ಥ ಎಂದು ಜೀನ್ಸ್ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆ ರಾತ್ರಿ ಅವ್ವ ತಟ್ಟೆ ಹಿಡಿದು ಅಪ್ಪನಿಗೆ ತುತ್ತು ಕೊಟ್ಟಳು. ಎಡಗೈಯಲ್ಲಿ ಉಣ್ಣಲು ಅವನು ಒಲ್ಲೆ ಎಂದ. ನಾನು ಬಾಗಿಲ ಮರೆಯಲ್ಲಿ ನಿಂತು ಹಲ್ಲು ಕಚ್ಚಿದೆ.

ನನ್ನ ಅತ್ತೆ ಮಾತ್ರ ಅಳಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಅಪ್ಪನನ್ನು ಆಟೋಗೆ ಹತ್ತಿಸುವ ಗಲಾಟೆಯಲ್ಲೇ ಅವರು ಯೂನಿಟ್ಟಿಗೆ ಹೋಗಿ ಕತ್ತರಿಯನ್ನೂ ಕಳಚಿದ ಬಳೆಯನ್ನೂ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದಿದ್ದರು. ಅತ್ತೆ ಎಂದರೆ ನನ್ನ ಗಂಡನ ತಾಯಿ, ಹೆಸರು ಗುರುಶಾಂತಮ್ಮ. ಮಾವ ತೀರಿಕೊಂಡ ಮೇಲೆ ಕಬ್ಬಿಣದ ಸಾಮಾನಿನ ಅಂಗಡಿಯನ್ನು ಅವರೇ ನಡೆಸುತ್ತಾರೆ, ಗಲ್ಲಾದ ಪಕ್ಕ ನಾನಿರುತ್ತೇನೆ. ಮುರಿದ ಸಾಮಾನು ತಂದು ಕೌಂಟರಿನ ಮೇಲಿಟ್ಟರೆ ಸಾಕು, ಅದು ಬಿದ್ದು ಮುರಿದದ್ದೋ, ಎಸೆದು ಮುರಿದದ್ದೋ, ಗಂಡ ಎಸೆದದ್ದೋ ಹೆಂಡತಿ ಎಸೆದದ್ದೋ ಹೇಳಿಬಿಡುತ್ತಾರೆ. ಪಂಪ್‌ಸೆಟ್ಟು ಕಳುವಾದರೂ ಕಪಾಟಿನ ಬೀಗ ಒಡೆದರೂ ಜನ ಸ್ಟೇಷನ್ನಿಗಿಂತ ಮೊದಲು ನಮ್ಮ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.

"ಅತ್ತೀ, ನಮ್ಮಪ್ಪ ಅಲ್ಲಿ ನರಳಾಕತ್ಯಾನ, ನೀವು ಕತ್ತರಿ ನೋಡಿಕೋತ ಕುಂತೀರಿ!" ಎಂದು ನಾನು ಕೂಗಾಡಿದೆ.

"ನರಳೋದು ಬೀಗರ ಕೆಲಸ. ನೋಡೋದು ನನ್ನ ಕೆಲಸ. ಆ ಲೈಟು ಈ ಕಡಿ ತಾ," ಎಂದರು ಅತ್ತೆ. ತಮ್ಮ ಕನ್ನಡಕದ ಮೇಲೆ ಮಾವನ ಕನ್ನಡಕವನ್ನೂ ಏರಿಸಿಕೊಂಡು ಬಳೆಯನ್ನು ಕಣ್ಣಿನ ಹತ್ತಿರ ಹಿಡಿದರು. "ನೋಡು. ಇದು ಇವತ್ತು ಮುರದದ್ದಲ್ಲ. ಮೊದಲೇ ಮುರದೈತಿ. ಯಾರೋ ಗಮ್ಮು ಹಾಕಿ ಕೂಡಿಸ್ಯಾರ."

ನಾನೂ ನೋಡಿದೆ. ಮುರಿದ ಮುಖದ ಮೇಲೆ ಗಾಜಿನಂಥ ತೆಳ್ಳನೆಯ ಪೊರೆ. ಅಂಚಿನಲ್ಲಿ ಸುತ್ತಲೂ ಬೂದಿ ಊದಿದ ಹಾಗೆ ಬಿಳಿ ಪುಡಿ. ಬಳೆಯ ಎರಡು ಬದಿಗೂ ಇಕ್ಕಳ ಕಚ್ಚಿದ ಹಲ್ಲಿನ ಗುರುತು, ಒಂದು ಕಡೆ ಸುತ್ತಿಗೆಯ ಹೊಡೆತದ ತಗ್ಗು. ಗೀರಿನ ಸಂದಿಯಲ್ಲಿ ಕೆಂಪಗೆ ಕುಂಕುಮ ಕೂತಿತ್ತು.

"ಅಂದ್ರ ಬೇಕಂತ್ಲೇ..." ಎಂದೆ.

"ಬೇಕಂತ್ಲೇ. ಎತ್ತಿದಾಗ ಬೀಳಬಾರದು, ಜೋರಾಗಿ ಒತ್ತಿದಾಗ ಬೀಳಬೇಕು. ಅಷ್ಟು ಲೆಕ್ಕ ಹಾಕ್ಯಾನ ಭಾಡ್ಯಾ."

ಅತ್ತೆಯ ಬಾಯಲ್ಲಿ ಬೈಗುಳ ಬರುವುದು ಅಪರೂಪ. ಅದನ್ನು ಕೇಳಿ ನನಗೆ ಎಷ್ಟೋ ಹಿತವಾಯಿತು.

ಗಮ್ಮಿನ ಸುದ್ದಿಯನ್ನು ನಾನು ರಾತ್ರಿಯೇ ಮರುಳಪ್ಪನವರಿಗೆ ಫೋನ್ ಮಾಡಿ ಕೂಗಾಡಿ ಹೇಳಿದ್ದೆ. ಮಾರನೆಯ ದಿನ ಯೂನಿಟ್ಟಿಗೆ ಹೋದಾಗ ಅಲ್ಲಿ ಅಪರಾಧಿ ಸಿಕ್ಕಿಯೂ ಆಗಿತ್ತು. ಅಪ್ಪನ ಕೈಕೆಳಗಿನ ಕಟರ್ ನರೇಶನನ್ನು ಕಂಬದ ಹತ್ತಿರ ಕೂರಿಸಿ, ಮರುಳಪ್ಪನವರು ಎದುರಿಗೆ ನಿಂತಿದ್ದರು. ನರೇಶ ಮಡಕಶಿರದ ಕಡೆಯವನು, ಇನ್ನೂ ಮನೆ ಮಾಡಿರಲಿಲ್ಲ, ಯೂನಿಟ್ಟಿನಲ್ಲೇ ಮಲಗುತ್ತಿದ್ದ. ಹಬ್ಬದ ಹಿಂದಿನ ವಾರ ಅಳತೆ ತಪ್ಪಿಸಿದನೆಂದು ಅಪ್ಪ ಅವನನ್ನು ಎಲ್ಲರೆದುರು ಬೈದಿದ್ದ. ಈಗ ಅವನ ಚೀಲದಲ್ಲಿ ಗಮ್ಮಿನ ಡಬ್ಬಿ ಸಿಕ್ಕಿತ್ತು.

"ನೋಡ್ರಿ ಗುರುಶಾಂತಕ್ಕ, ಇದಕಿಂತ ಇನ್ನೇನು ಸಾಕ್ಷಿ ಬೇಕು?" ಎಂದು ಮರುಳಪ್ಪ ಡಬ್ಬಿ ಚಾಚಿದರು. "ಕಬ್ಬಿಣ ಅಂಟಿಸೋ ಗಮ್ಮು! ರಾತ್ರಿಯೆಲ್ಲ ಇವನೊಬ್ಬನೇ ಒಳಗ ಇದ್ದಾವ. ಎಸ್ಸೈಗಾರಿಗೆ ಫೋನ್ ಮಾಡೀನಿ. ಇವತ್ತು ಸಂಜಿಗೆ ಬಂದು ಒಯ್ತಾರ."

ನರೇಶ ಅತ್ತೆಯ ಕಾಲು ಹಿಡಿಯಲು ಬಗ್ಗಿದ. "ನಾನಲ್ಲ ಕಣಮ್ಮ. ಮಾಸ್ಟ್ರು ಬೈದ್ರೆ ಏನಂತೆ, ಕೆಲ್ಸ ಕಲಿಸಿದ್ದೂ ಅವ್ರೇ ಅಲ್ವಾ? ಈ ಗಮ್ಮು ನಿಮ್ಮಂಗಡೀಲೇ ತಗಂಡಿದ್ದು. ನಮ್ಮವ್ವನ ಎಲೆಅಡಿಕೆ ಡಬ್ಬಿ ಮುಚ್ಚಳದ ಹಿಡಿ ಕಿತ್ತೋಗಿತ್ತಲ್ಲ, ಅದಕ್ಕೆ. ನೀವೇ ಹೇಳ್ಕೊಟ್ರಿ ಹೆಂಗೆ ಹಾಕ್ಬೇಕು ಅಂತ."

ಹೌದು, ನನಗೂ ನೆನಪಿತ್ತು. ಅತ್ತೆ ಅವನಿಗೆ ಪಾಠವನ್ನೇ ಮಾಡಿದ್ದರು: ಹಿತ್ತಾಳೆಯನ್ನು ಮೊದಲು ಮರಳು ಕಾಗದದಿಂದ ಉಜ್ಜು, ನುಣುಪಾಗಿದ್ದರೆ ಗಮ್ಮು ಹಿಡಿಯುವುದಿಲ್ಲ. ಥಿನ್ನರಿನಿಂದ ಎಣ್ಣೆ ಜಿಡ್ಡು ಒರೆಸು, ಒರೆಸಿದ ಮೇಲೆ ಬೆರಳಿಡಬೇಡ. ಎರಡೂ ಟ್ಯೂಬಿನಿಂದ ಸಮ ಸಮ ತೆಗೆದು ಕಲಸು, ಕೂಡಿಸಿ ದಾರ ಬಿಗಿದು ಮರುದಿನದವರೆಗೂ ಮುಟ್ಟಬೇಡ. ಒಲೆಯ ಹತ್ತಿರ ಇಡಬೇಡ, ಬಿಸಿಗೆ ಮೆತ್ತಗಾಗುತ್ತದೆ.

"ನಿಮ್ಮವ್ವನ ಡಬ್ಬಿ ಎಲ್ಲೈತಿ?" ಎಂದು ಅತ್ತೆ ಕೇಳಿದರು. ನರೇಶ ತನ್ನ ಹಾಸಿಗೆಯ ಕೆಳಗಿಂದ ಹಿತ್ತಾಳೆಯ ಡಬ್ಬಿ ತೆಗೆದುಕೊಟ್ಟ. ಅದಕ್ಕಿನ್ನೂ ದಾರ ಸುತ್ತಿತ್ತು. ಅತ್ತೆ ಅದನ್ನು ನನ್ನ ಚೀಲಕ್ಕೆ ಹಾಕಿದರು.

"ಹಬ್ಬದ ದಿನ ಪೂಜಿ ಆದಮ್ಯಾಲ ಯಾರ್ ಯಾರು ಒಳಗ ಬಂದ್ರು?"

"ಮೂರು ಜನ ಕಣಮ್ಮ. ಮಧ್ಯಾಹ್ನ ಸಾವ್ಕಾರ್ರು ಬಂದು ಇನ್ನೊಂದ್ ಕಾಯಿ ಒಡೆದ್ರು. ಆಮೇಲೆ ಹಂಪಕ್ಕ ರಂಗೋಲಿ ಬಿಟ್ಲು. ಸಂಜೆ ವಾಗೀಶಣ್ಣ ದೀಪ ಹಚ್ಚಾಕೆ ಬಂದ್ರು. ಅವ್ರು ಒಬ್ಬೊಬ್ರು ಬಂದಾಗ್ಲೂ ನಾನು ಊಟಕ್ಕೋ ಟೀಗೋ ಅಂತ ಸ್ವಲ್ಪ ಹೊತ್ತು ಆಚೆ ಹೋಗಿದ್ದುಂಟು."

ನನ್ನ ಕಣ್ಣು ಮರುಳಪ್ಪನವರ ಮೇಲೆ ಹೋಯಿತು. ಅಪ್ಪ ಇರುವವರೆಗೂ ಮಶೀನು ಬರುವಂತಿರಲಿಲ್ಲ, ಈಗ ಬರಬಹುದು. ಹಂಪಕ್ಕನ ಮೇಲೂ ಹೋಯಿತು. ಇಸ್ತ್ರಿ ಮಾಡುವ ಆಕೆ ಜೇಬು ಸುಟ್ಟಳೆಂದು ಅಪ್ಪ ಎಷ್ಟೋ ಸಲ ರೇಗಿದ್ದ. ಎಲ್ಲರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ ಬಾರಿಸಬೇಕು ಅನ್ನಿಸಿತು.

"ಮರುಳಪ್ಪಾರೇ, ಸಂಜಿತನ ಇವನನ್ನ ಮುಟ್ಟಬ್ಯಾಡ್ರಿ," ಎಂದರು ಅತ್ತೆ. "ಎಸ್ಸೈ ಬರೋ ಹೊತ್ತಿಗೆ ಎಲ್ಲಾರೂ ಇಲ್ಲೇ ಇರ್ರಿ. ಆವಾಗೂ ಇವನೇ ಅನ್ನಿಸಿದ್ರ ನಾನೇ ಜೀಪು ಹತ್ತಿಸ್ತೀನಿ."

ಮರುಳಪ್ಪ ಗೊಣಗಿಕೊಂಡೇ ಒಪ್ಪಿದರು. ಅತ್ತೆ ಯೂನಿಟ್ಟಿನ ಒಳಗೆ ನಿಧಾನವಾಗಿ ಸುತ್ತಿದರು. ಮೂಲೆಯಲ್ಲಿ ಮಶೀನು ರಿಪೇರಿಯ ಮೇಜು, ಅದಕ್ಕೆ ಬೋಲ್ಟು ಹಾಕಿ ಬಿಗಿದ ದೊಡ್ಡ ಇಕ್ಕಳ. ಅದರ ಹಲ್ಲಿಗೆ ಕತ್ತರಿಯ ಬಳೆ ಹಿಡಿದು ನೋಡಿ, ಗುರುತು ಸರಿಯಾಗಿ ಕೂತದ್ದನ್ನು ನನಗೆ ತೋರಿಸಿದರು. ಪೂಜೆಯ ಹಲಗೆಯ ಹತ್ತಿರ ಹಂಪಕ್ಕ ತನ್ನ ಇಸ್ತ್ರಿಪೆಟ್ಟಿಗೆಗಳ ಮೇಲಿಂದ ಬಾಡಿದ ಹೂ ತೆಗೆಯುತ್ತಿದ್ದಳು.

"ಇವತ್ತು ಕಾಯಿಸ್ತೀಯೇನು ಹಂಪಕ್ಕ?"

"ಹೌದ್ರಿ ಅಕ್ಕಾರ. ಮಾಸ್ತರ ಗಲಾಟ್ಯಾಗ ನಿನ್ನಿನೂ ಕಾಯಿಸ್ಲಿಲ್ಲ. ಪೂಜಿಗೆ ಇಟ್ಟ ಮ್ಯಾಲ ಹೂ ತೆಗದು ಕೈ ಮುಗಿಯೋತನ ನಾ ಮುಟ್ಟಂಗಿಲ್ರಿ." ಅವಳು ಸೆರಗಿನ ಗಂಟು ಬಿಚ್ಚಿದಳು. "ಅಕ್ಕಾರ, ಇದೇನಂತ ಹೇಳ್ರಿ. ದಾರದ ವೇಸ್ಟಿನ ಚೀಲದಾಗ ಸಿಕ್ತು. ಹತ್ತಿ ಅನ್ನಬೇಕೋ ಕಲ್ಲು ಅನ್ನಬೇಕೋ ತಿಳಿವಲ್ದು."

ನಿಂಬೆಕಾಯಿ ಗಾತ್ರದ ಉಂಡೆ. ಮಶೀನು ಒರೆಸುವ ಹತ್ತಿದಾರದ ವೇಸ್ಟೇ ಅದು, ಆದರೆ ಕಲ್ಲಿನಂತೆ ಗಟ್ಟಿ. ಒಂದು ಕಡೆ ಕಂದು ಬಣ್ಣಕ್ಕೆ ಸುಟ್ಟಿತ್ತು. ಮಧ್ಯೆ ಕುಂಕುಮದ ಕೆಂಪು. ಇನ್ನೊಂದು ಬದಿಗೆ ಪ್ಯಾಂಟಿನ ಜೇಬಿನ ಒಳಗೆ ಹಾಕುವ ಬಿಳಿ ಬಟ್ಟೆಯ ಚೂರು ಹತ್ತಿಕೊಂಡಿತ್ತು. ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹೊರಗೆ ಬರುವಾಗ ವಾಗೀಶ ಎದುರಾದ. ಮರುಳಪ್ಪನವರ ತಮ್ಮ, ಯೂನಿಟ್ಟಿನ ಸೂಪರ್‌ವೈಸರು. ಮೈಗೆ ಹೊಲಿದ ಹಾಗಿರುವ ಜೀನ್ಸ್ ತೊಟ್ಟು ಹೆಣ್ಣುಮಕ್ಕಳ ಮಶೀನುಗಳ ನಡುವೆ ಸುಳಿದಾಡುವುದೇ ಅವನ ಕೆಲಸ. ಆ ದಿನ ಲುಂಗಿ ಉಟ್ಟಿದ್ದ, ಕುಂಟುತ್ತಿದ್ದ.

"ಕಾಲಿಗೇನಾತಪ್ಪ?" ಎಂದರು ಅತ್ತೆ.

"ತೊಡಿಗೆ ಇಸ್ತ್ರಿಪೆಟಿಗಿ ತಾಗ್ತು ಅಕ್ಕಾರ. ಹಬ್ಬದ ದಿನ, ಇಲ್ಲೇ. ಸಣ್ಣ ಗುಳ್ಳಿ ಎದ್ದೈತಿ ಅಷ್ಟ." ಎಂದು ನಕ್ಕ. "ಮಾಸ್ತರ ಹ್ಯಾಂಗದಾರ? ಪಾಪ, ವಯಸ್ಸಾಗಿತ್ತು ಬಿಡ್ರಿ, ಕೈ ನಡುಗ್ತಿತ್ತು."

ಅಪ್ಪನ ಕೈ ನಡುಗುತ್ತಿತ್ತಂತೆ! ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ರಟ್ಟೆ ಹಿಂಡಿ ಎಳೆದುಕೊಂಡು ಹೋದರು.

ದಾರಿಯಲ್ಲಿ ಅಪ್ಪನ ಮನೆಗೆ ಹೋಗಿ ಅವನನ್ನು ಕಂಡೆವು. ಗೋಡೆಗೊರಗಿ ಕೂತಿದ್ದ. ಅತ್ತೆ ಒಂದೇ ಒಂದು ಪ್ರಶ್ನೆ ಕೇಳಿದರು: "ಬೀಗರೇ, ಪೂಜಿ ದಿನ ಕತ್ತರಿಗೆ ಕುಂಕುಮ ಎಲ್ಲಿ ಹಚ್ಚಿದ್ರಿ?"

"ಅಲಗಿನ ಬೆನ್ನಿಗೆ ರಿ. ವಿಭೂತಿ, ಅದರ ಮ್ಯಾಲ ಒಂದು ಬೊಟ್ಟು." ಅಪ್ಪನ ಹುಬ್ಬು ಗಂಟಿಕ್ಕಿತು. "ಆದ್ರ ಎತ್ತಿಕೊಳ್ಳುವಾಗ ಹಿಡಿಕೆಗೆಲ್ಲ ಬಳದಿದ್ರು. ಯಾವನಲೇ ಹಿಡಿಕೆಗೆ ಕುಂಕುಮ ಹಚ್ಚಿದಾವ ಅಂತ ಬೈದೆ. ಒರಸಿಕೊಂಡೆ. ಸಂದಿನ್ಯಾಗ ಕೆಂಪು ಹಂಗೇ ಉಳೀತು. ಬಟ್ಟಿ ಕತ್ತರಿಸಾವ ಯಾವನೂ ಹಿಡಿಕೆಗೆ ಹಚ್ಚಂಗಿಲ್ರಿ. ಕೈಗೆ ಹತ್ತಿ ಬಟ್ಟಿಗೆ ಬಡೀತೈತಿ, ಇಡೀ ಲಾಟು ಹಾಳು."

"ನರೇಶಗ ಇದು ಗೊತ್ತೇನು?"

"ಬಂದ ಮೊದಲನೇ ದಿನ ನಾನೇ ಹೇಳಿಕೊಟ್ಟೀನಿ."

ಅತ್ತೆ ಎದ್ದರು. "ಸಂಜಿಗೆ ಯೂನಿಟ್ಟಿಗೆ ಬರ್ರಿ ಬೀಗರೇ. ನಿಮ್ಮ ಕೈ ಅವನು ನೋಡಬೇಕು." ಯಾರು ಎಂದು ನಾನು ದಾರಿಯುದ್ದಕ್ಕೂ ಪೀಡಿಸಿದೆ. ಹೇಳಲಿಲ್ಲ. "ನಿನಗ ಹೇಳಿದ್ರ ಸಂಜೀತನ ಅವ ಬದುಕಿರ್ತಾನೇನು?" ಎಂದರು ಅಷ್ಟೇ. ಅಂಗಡಿಯಿಂದ ಕ್ವಿಕ್ ಗಮ್ಮಿನ ಎರಡು ಟ್ಯೂಬು ಮತ್ತು ಒಂದು ಬಾಟಲಿ ಉಗುರಿನ ಬಣ್ಣ ತೆಗೆಯುವ ಎಣ್ಣೆ ತೆಗೆದುಕೋ ಎಂದರು. "ಗಮ್ಮಿನ ಕೂಡ ಆಡುವಾಗ ಬಿಡಿಸೋ ಔಷಧಿ ಹತ್ರ ಇರಬೇಕು," ಎಂದೂ ಹೇಳಿದರು.

ಸಂಜೆ ಮಶೀನುಗಳೆಲ್ಲ ನಿಂತಿದ್ದವು. ಕೆಲಸಗಾರರು ಸುತ್ತ ನಿಂತಿದ್ದರು. ಅಪ್ಪನಿಗೆ ಕುರ್ಚಿ ಹಾಕಿದ್ದರು. ಅವನ ಬಲಗೈ ಬಿಳಿ ಪಟ್ಟಿಯಲ್ಲಿ ಎದೆಗೆ ಕಟ್ಟಿತ್ತು. ನರೇಶ ಕಂಬದ ಹತ್ತಿರವೇ ಇದ್ದ. ವಾಗೀಶ ಇಸ್ತ್ರಿ ಮೇಜಿಗೆ ಆತು ನಿಂತಿದ್ದ. ಎಸ್ಸೈ ಇನ್ನೂ ಬಂದಿರಲಿಲ್ಲ. ಅತ್ತೆ ಕಟಿಂಗ್ ಮೇಜಿನ ಮೇಲೆ ಕತ್ತರಿ, ಬಳೆ, ನರೇಶನ ಹಿತ್ತಾಳೆ ಡಬ್ಬಿ ಮೂರನ್ನೂ ಇಟ್ಟರು.

"ನರೇಶನ ಹತ್ರ ಗಮ್ಮು ಸಿಕ್ತು, ಹೌದು. ಆದ್ರ ಗಮ್ಮು ಅನ್ನೋದೆಲ್ಲ ಒಂದೇ ಅಲ್ಲ," ಎಂದು ಶುರು ಮಾಡಿದರು. ದಾರ ಬಿಚ್ಚಿ ಡಬ್ಬಿಯ ಮುಚ್ಚಳ ತೋರಿಸಿದರು. "ಇದು ಜೋಡಿ ಟ್ಯೂಬಿನದು. ಹಳದಿ ಬಣ್ಣ, ಮೇಣದಂಗ ದಪ್ಪ. ಒಣಗಾಕ ರಾತ್ರಿಯೆಲ್ಲ ಬೇಕು. ಒಣಗಿತಂದ್ರ ನೋಡ್ರಿ." ಹೀಗೆ ಹೇಳುತ್ತಲೇ ಡಬ್ಬಿಯನ್ನು ಎತ್ತಿ ಕಡಪಾ ಕಲ್ಲಿನ ನೆಲಕ್ಕೆ ಅಪ್ಪಳಿಸಿದರು. ಅದು ಠಣಠಣ ಎಂದು ಉರುಳಿ ಮಶೀನಿನ ಕೆಳಗೆ ಹೋಯಿತು. ನರೇಶ "ಅಯ್ಯೋ, ನಮ್ಮವ್ವನ ಡಬ್ಬಿ!" ಎಂದು ಹಾರಿಹೋಗಿ ಎತ್ತಿಕೊಂಡ. ಮುಚ್ಚಳದ ಹಿಡಿ ಅಲುಗಿರಲಿಲ್ಲ.

"ಕತ್ತರಿಗೆ ಇದನ್ನ ಹಾಕಿದ್ರ ಬೀಗರ ಕೈ ಉಳೀತಿತ್ತು," ಎಂದರು ಅತ್ತೆ. "ಕತ್ತರಿಯೊಳಗ ಇರೋದು ಬ್ಯಾರೆ. ಗಾಜಿನ ಪೊರಿಯಂಗ ತೆಳ್ಳಗೈತಿ, ಸುತ್ತ ಬಿಳಿ ಪುಡಿ ಹಾರೈತಿ. ಅದು ಕ್ವಿಕ್ ಗಮ್ಮು. ಬೀಡಿ ಅಂಗಡ್ಯಾಗೂ ಸಿಗ್ತೈತಿ. ಹೊಸದಾಗಿ ಮುರದ ಕಬ್ಬಿಣಕ್ಕ ಒಂದು ಹನಿ ಹಾಕಿ ಒತ್ತಿ ಹಿಡದ್ರ ಚಿಟಿಕಿ ಹೊಡಿಯೋದ್ರಾಗ ಕೂಡ್ತೈತಿ. ಎತ್ತಿದ್ರ ಬೀಳಂಗಿಲ್ಲ. ಆದ್ರ ಒಮ್ಮಿಗೇ ಏಟು ಬಿದ್ರ, ಓರೆಯಾಗಿ ಒತ್ತಿದ್ರ ಗಾಜಿನಂಗ ಸಿಡೀತೈತಿ. ರಾತ್ರಿಯೆಲ್ಲ ಒಳಗ ಮಲಗೋ ನರೇಶಗ ಅವಸರ ಏನಿತ್ತು? ಅವಸರ ಇದ್ದಾವ ಯಾರು? ನರೇಶ ವಾಪಸ್ ಬರೋದ್ರಾಗ ಮುಗಿಸಬೇಕಾದಾವ."

"ಹಂಗಂದ್ರ ನಾನು, ನನ್ನ ತಮ್ಮ, ಹಂಪಕ್ಕ," ಎಂದರು ಮರುಳಪ್ಪ. ಅವರ ಮುಖ ಕೆಂಪಾಯಿತು.

"ಇನ್ನ ಕುಂಕುಮ. ಗೀರು ಕಾಣಬಾರದು ಅಂತ ಹಿಡಿಕೆ ತುಂಬ ಬಳದಾನ. ಕಟಿಂಗ್ ಕೆಲಸ ಗೊತ್ತಿದ್ದಾವ ಪ್ರಾಣ ಹೋದ್ರೂ ಹಿಡಿಕೆಗೆ ಬಣ್ಣ ಹಚ್ಚಂಗಿಲ್ಲ. ನರೇಶ ಆಗಿದ್ರ ಇನ್ನೊಂದು ಉಪಾಯ ಹುಡುಕ್ತಿದ್ದ. ಇದು ಕತ್ತರಿ ಹಿಡಿದು ಗೊತ್ತಿಲ್ಲದಾವನ ಕೆಲಸ." ಅತ್ತೆ ಸುತ್ತ ನೋಡಿದರು. "ಹ್ಯಾಂಗ ಕೂಡಸ್ಯಾನ ಅಂತ ಎಲ್ಲಾರಿಗೂ ತೋರಸ್ತೀನಿ. ವಾಗೀಶಾ, ನಿನ್ನ ಕೈ ಗಟ್ಟಿ ಐತಿ, ಬಾ. ಬಳಿ ಹಿಡಿ. ಸುಮಾ, ಒಂದು ಹನಿ ಹಾಕು."

ಬರುವುದಿಲ್ಲ ಎನ್ನಲು ಅವನಿಗೆ ನೆವ ಇರಲಿಲ್ಲ. ನಗುತ್ತಲೇ ಬಂದ. ಅತ್ತೆಯ ದನಿಯಲ್ಲಿ ಏನೋ ಇತ್ತು. ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಲುಂಗಿ, ಕುಂಟು, ಅಪ್ಪನ ಕೈ ನಡುಗುತ್ತಿತ್ತು ಎಂದ ಆ ನಾಲಿಗೆ! ಮೈಯೆಲ್ಲ ಉರಿದುಹೋಯಿತು. ಅತ್ತೆ ಒಂದು ಹನಿ ಎಂದಿದ್ದರು. ನಾನು ಮುರಿದ ಮುಖಕ್ಕೆ ಒಂದು ಹನಿ ಹಾಕಿ, ಉಳಿದ ಟ್ಯೂಬನ್ನೆಲ್ಲ ಬಳೆಯ ಸುತ್ತ ಹಿಂಡಿ ಅವನ ಕೈಗೆ ಕೊಟ್ಟೆ.

"ಒದ್ದಿ ಐತಲ್ಲ," ಎಂದ.

"ಹಂಗೇ ಇರ್ತೈತಿ. ಗಟ್ಟಿಯಾಗಿ ಒತ್ತಿ ಹಿಡಿ, ಸಡಿಲ ಬಿಟ್ರ ಕೂಡಂಗಿಲ್ಲ," ಎಂದೆ. ಅವನು ಬಳೆಯನ್ನು ಕತ್ತರಿಗೆ ಕೂಡಿಸಿ ಐದೂ ಬೆರಳಿನಿಂದ ಅವುಚಿ ಹಿಡಿದ. ಅತ್ತೆ ನನ್ನ ಕೈಯಲ್ಲಿದ್ದ ಚಪ್ಪಟೆಯಾದ ಟ್ಯೂಬನ್ನು ಒಂದು ಸಲ ನೋಡಿ, ಜನರ ಕಡೆ ತಿರುಗಿದರು.

"ಒತ್ತಿದಾಗ ಗಮ್ಮು ಹೊರಗ ಬಂತು," ಎಂದು ಅತ್ತೆ ಮುಂದುವರಿಸಿದರು. "ಅವ ಏನು ಮಾಡಿದ? ಜೀನ್ಸ್ ಯೂನಿಟ್ಟಿನಾಗ ಎಲ್ಲಾರೂ ಮಾಡೋದೇ ಮಾಡಿದ. ಕೈಗೆ ಸಿಕ್ಕ ಹತ್ತಿದಾರದ ವೇಸ್ಟು ತಗೊಂಡು ಒರಸಿದ. ನರೇಶನ ಹೆಜ್ಜಿ ಸಪ್ಪಳ ಆತೋ ಏನೋ, ವೇಸ್ಟನ್ನ ಜೇಬಿಗೆ ತುರಕಿದ. ಅಲ್ಲೇ ಕೆಟ್ಟ."

ಅವರು ಇನ್ನೊಂದು ಟ್ಯೂಬು ಒಡೆದು ತಗಡಿನ ಮೇಲಿಟ್ಟ ಹತ್ತಿಯ ಮುದ್ದೆಯ ಮೇಲೆ ಸುರಿದರು. ಎಲ್ಲರೂ ಬಗ್ಗಿ ನೋಡಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಬೆಂಕಿ ಕಡ್ಡಿ ಗೀರದೆಯೇ ಹತ್ತಿಯಿಂದ ಹೊಗೆ ಎದ್ದಿತು. ಕಣ್ಣು ಮೂಗು ಉರಿಯುವ ಘಾಟು. ಹತ್ತಿ ಕಂದಾಯಿತು, ಮುದುಡಿತು.

"ಯಪ್ಪಾ!" ಎಂದು ಹಂಪಕ್ಕ ಹಿಂದೆ ಸರಿದಳು.

"ಹತ್ತಿಗೂ ಈ ಗಮ್ಮಿಗೂ ಆಗಂಗಿಲ್ಲ. ಕೂಡಿದ್ರ ಕುದೀತಾವ." ಅತ್ತೆ ಸೊಂಟದಿಂದ ಕಲ್ಲುಂಡೆ ತೆಗೆದು ಪಕ್ಕದಲ್ಲಿಟ್ಟರು. "ಇದು ಹಂಪಕ್ಕಗ ವೇಸ್ಟಿನ ಚೀಲದಾಗ ಸಿಕ್ಕದ್ದು. ಗಮ್ಮು ಐತಿ, ಕುಂಕುಮ ಐತಿ, ಜೇಬಿನ ಬಟ್ಟಿನೂ ಐತಿ. ಇದನ್ನ ಜೇಬಿನಾಗ ಇಟ್ಟಾವಗ ತೊಡಿ ಸುಟ್ಟಿರಬೇಕು. ಹಂಪಕ್ಕ ಸೀರಿ ಉಡ್ತಾಳ, ಜೇಬಿಲ್ಲ. ಮರುಳಪ್ಪಾರು ಪಂಚಿ. ಇಲ್ಲಿ ತೊಡಿ ಸುಟ್ಟುಕೊಂಡಾವ ಒಬ್ಬನೇ."

ಎಲ್ಲರ ಮುಖವೂ ಒಟ್ಟಿಗೆ ವಾಗೀಶನ ಕಡೆ ತಿರುಗಿತು.

"ಅದು ಇಸ್ತ್ರಿಪೆಟಿಗಿ! ಮುಂಜಾನೆನೇ ಹೇಳೀನಿ!" ಎಂದ ಅವನು.

"ಹಬ್ಬದ ದಿನ ಇಸ್ತ್ರಿಪೆಟಿಗಿ ಎಲ್ಲಿದ್ವು ಹಂಪಕ್ಕ?"

"ಹಲಗಿ ಮ್ಯಾಲ ರಿ, ಹೂ ಏರಿಸಿಕೊಂಡು. ತಣ್ಣಗ ಇದ್ವು," ಎಂದಳು ಹಂಪಕ್ಕ. "ಯಾವ ಪೆಟಿಗಿ ನಿನಗ ತಾಗ್ತು ವಾಗೀಶಣ್ಣ? ನನ್ನ ಪೆಟಿಗಿ ಮ್ಯಾಲ ಯಾಕ ಸುಳ್ಳು ಹೇಳ್ತಿ?"

ಮರುಳಪ್ಪನವರ ಬಾಯಿ ತೆರೆದುಕೊಂಡೇ ಇತ್ತು. "ನಿನ್ನಿ ನಿನ್ನ ಪ್ಯಾಂಟು..." ಎಂದರು ತಮ್ಮನಿಗೆ. "ಹಿತ್ತಲದಾಗ ನೆನಿಯಾಕ ಹಾಕಿದ್ದಿ. ಜೇಬು ಕಟ್ಟಿಗಿಯಂಗ ಬಿರುಸಾಗೈತಿ, ತೂತು ಬಿದ್ದೈತಿ ಅಂತ ನಿಮ್ಮತ್ತಿಗಿ ಕೇಳಿದ್ರ, ಅಕಿ ಮ್ಯಾಲ ಹಾರಾಡಿದಿ. ಲೇ ವಾಗೀಶ, ಏನು ಮಾಡೀಯಲೇ?"

"ಯಾಕ ಮಾಡಿದ ಅಂತ ನಾನ್ ಹೇಳ್ತೀನಿ," ಎಂದಿತು ಹಿಂದಿನಿಂದ ಒಂದು ದನಿ. ಸೈಡು ಹೊಲಿಗೆ ಹಾಕುವ ಮಮತಾ. "ಸ್ಟೋರ್ ರೂಮಿನಾಗ ನನ್ನ ಕೈ ಹಿಡದು ಎಳದ. ಮಾಸ್ತರ ನೋಡಿ ಕಪಾಳಕ್ಕ ಕೊಟ್ರು, ನಮ್ಮ ಹೆಣ್ಣುಮಕ್ಕಳ ಮುಂದ. ಅವತ್ತು ಈತ ನಕ್ಕೋತ ಹೋದ. ನಾವು ಮುಗೀತು ಅಂದುಕೊಂಡ್ವಿ."

ವಾಗೀಶ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಕತ್ತರಿ ಕೆಳಗೆ ಎಸೆಯಲು ನೋಡಿದ. ಅದು ಬೀಳಲಿಲ್ಲ. ಕೈ ಕೊಡವಿದ. ಎಡಗೈಯಲ್ಲಿ ಎಳೆದ, "ಅವ್ವಾ!" ಎಂದು ಚೀರಿದ. ಐದು ಬೆರಳೂ ಬಳೆಗೆ ಅಂಟಿ ಕಬ್ಬಿಣದ ಜೊತೆ ಒಂದಾಗಿದ್ದವು.

"ಎಳೀಬ್ಯಾಡ, ತೊಗಲು ಬರ್ತೈತಿ," ಎಂದರು ಅತ್ತೆ ತಣ್ಣಗೆ. "ಉಗುರು ಬಣ್ಣದ ಎಣ್ಣಿ ಹಚ್ಚಿದ್ರ ನಿಧಾನಕ್ಕ ಬಿಡ್ತೈತಿ."

ಅವನು ಅಪ್ಪನ ಎದುರು ಬಂದು ಕುಸಿದ. "ಮಾಸ್ತರ, ತಪ್ಪಾತ್ರಿ. ಬಿಡಸ್ರಿ. ನನ್ನ ಕೈ ಹೋಗ್ತೈತ್ರಿ!"

ಅಪ್ಪ ಅವನ ಅಂಟಿದ ಬೆರಳುಗಳನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ಸುಮಾ, ಆ ಎಣ್ಣಿ ತಂದೀಯೇನು?"

ಬಾಟಲಿ ನನ್ನ ಚೀಲದಲ್ಲೇ ಇತ್ತು, ಕೈಗೆ ತಾಗುತ್ತಿತ್ತು. "ಇಲ್ಲಪ್ಪಾ. ಮರತು ಬಂದೀನಿ," ಎಂದೆ. ಅಪ್ಪ ಮತ್ತೆ ಕೇಳಲಿಲ್ಲ. ಅತ್ತೆ ಕನ್ನಡಕ ಒರೆಸತೊಡಗಿದರು.

ನರೇಶನನ್ನು ಒಯ್ಯಲು ಬಂದ ಎಸ್ಸೈ ವಾಗೀಶನನ್ನು ಒಯ್ದರು. ಜೀಪು ಕೆಟ್ಟಿತ್ತೋ, ಸ್ಟೇಷನ್ನು ಹತ್ತಿರವೆಂದೋ, ನಡೆಸಿಕೊಂಡೇ ಹೋದರು. ಕೈಗೆ ಕತ್ತರಿ ಅಂಟಿಸಿಕೊಂಡು ಅವನು ಇಡೀ ಬೀದಿ ದಾಟಿದ. ಪ್ರತಿ ಯೂನಿಟ್ಟಿನಿಂದಲೂ ಮಶೀನು ನಿಲ್ಲಿಸಿ ಜನ ಹೊರಬಂದು ನೋಡಿದರು. ಹೆಣ್ಣುಮಕ್ಕಳು ಕೇಕೆ ಹಾಕಿದರು. ನಾನು ಬೀದಿಯ ಕೊನೆಯವರೆಗೂ ಹಿಂದೆಯೇ ಹೋದೆ. ಒಂದು ಹೆಜ್ಜೆಯನ್ನೂ ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ವಾಪಸ್ ಬರುವಾಗ ಬಾಟಲಿಯ ಮುಚ್ಚಳ ತೆಗೆದು ಎಣ್ಣೆಯನ್ನೆಲ್ಲ ಚರಂಡಿಗೆ ಸುರಿದೆ.

"ಅದು ಅಂಗಡಿ ಸಾಮಾನು. ನಿನ್ನ ಖರ್ಚಿಗೆ ಬರಕೋ," ಎಂದರು ಅತ್ತೆ.

ಕೇಸು ಕೋರ್ಟಿಗೆ ಬರುವ ಮೊದಲು ಮರುಳಪ್ಪನವರು ಹಣ್ಣು ಹಂಪಲು ಹಿಡಿದುಕೊಂಡು ಅಪ್ಪನ ಮನೆಗೆ ಬಂದರು. ನರೇಶ ಆಗ ಅವರ ಯೂನಿಟ್ಟು ಬಿಟ್ಟು ಬೇರೆ ಕಡೆ ಕಟಿಂಗ್ ಮಾಸ್ಟರ್ ಆಗಿದ್ದ. ಅವರಿಗೆ ಹೊಸ ಮಾಸ್ಟರ್ ಸಿಕ್ಕಿರಲಿಲ್ಲ. ಊರಿನಲ್ಲಿ ಕತ್ತರಿ ಹಿಡಿದ ಒಬ್ಬನೂ ಅವರ ಬಾಗಿಲಿಗೆ ಹೋಗಿರಲಿಲ್ಲ, ಹೊಸ ಮಶೀನು ಬಟ್ಟೆ ಮುಚ್ಚಿಕೊಂಡು ಕೂತಿತ್ತು.

"ದೊಡ್ಡಬಸಪ್ಪಾರೇ, ತಮ್ಮ ಅನ್ನೋ ಕರುಳು ನನಗ," ಎಂದು ಕೈ ಮುಗಿದರು. "ಅವಂದು ತಪ್ಪೇ. ಬುದ್ಧಿ ಬಂದೈತಿ. ರಾಜಿ ಆಗೋಣು ರಿ. ನೀವು ಯಾವ ದಿನ ಅಂತೀರೋ ಆ ದಿನ ಹಿರೇರನ್ನ ಕರಕೊಂಡು ಬರ್ತೀನಿ."

ಅಪ್ಪ ತನ್ನ ಬಲಗೈಯನ್ನು ಅವರ ಮುಂದೆ ಚಾಚಿದ. ನಾಲ್ಕು ಬೆರಳು ಮಡಚಿದ. ಹೆಬ್ಬೆರಳು ಒಂದೇ ಕೋಲಿನ ಹಾಗೆ ನೆಟ್ಟಗೆ ನಿಂತಿತ್ತು.

"ಇದು ಮಡಚಿದ ದಿನ ಬರ್ರಿ," ಎಂದ.

ಮರುಳಪ್ಪ ಎದ್ದು ಹೋದರು. ಹಣ್ಣನ್ನು ನಾನು ಬೀದಿಯ ಆಕಳಿಗೆ ಹಾಕಿದೆ. ಇಷ್ಟು ವರ್ಷವಾಯಿತು, ಹೆಬ್ಬೆರಳು ಮಡಚಿಲ್ಲ.